ಕೀಟದ ಜೀನೋಮಿನಲ್ಲಿ ವೈರಸ್ಸಿನ ಚಹರೆ: ಎಫ್ ಪ್ರೋಟೀನ್ ಹೋಲುವ ಜೀನನ್ನು ಹುಡುಕಿ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಹಣ್ಣಿನ ನೊಣ ಡ್ರೊಸೋಫಿಲಾ ಮೆಲನೊಗ್ಯಾಸ್ಟರ್‌ನಲ್ಲಿ ಸಿಜಿ4715 ಎಂಬ ಜೀನ್ ಇದೆ. ಅದರಿಂದ ತಯಾರಾಗುವ ಪ್ರೋಟೀನ್, ಕೀಟಗಳಿಗೆ ಸೋಂಕು ತಗುಲಿಸುವ ಬ್ಯಾಕ್ಯುಲೋವೈರಸ್ಸಿನ ಹೊದಿಕೆಯಲ್ಲಿರುವ ಎಫ್ ಪ್ರೋಟೀನನ್ನು ಹೋಲುತ್ತದೆ. ಜೀವಕೋಶದ ಪೊರೆಗೆ ತನ್ನ ಹೊದಿಕೆಯನ್ನು ಬೆಸೆದು ಒಳಗೆ ನುಗ್ಗಲು ವೈರಸ್ ಬಳಸುವ ಸಾಧನವೇ ಈ ಎಫ್. 2005ರಲ್ಲಿ ಎರಡು ಗುಂಪುಗಳು ಎರಡು ದಿಕ್ಕಿನಿಂದ ಈ ಜೀನಿನ ಬಳಿಗೆ ಬಂದವು. ಲಂಗ್ ಮತ್ತು ಬ್ಲಿಸರ್ಡ್ ಬ್ಯಾಕ್ಯುಲೋವೈರಸ್ ಕಡೆಯಿಂದ ಬಂದು ಡಿಎಂ-ಸಿಎಫ್ ಎಂದು ಕರೆದರು. ಮಲಿಕ್ ಮತ್ತು ಹೆನಿಕಾಫ್ ಕೀಟಗಳ ರೆಟ್ರೊವೈರಸ್ (ತನ್ನ ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲಿಸಿ ಆತಿಥೇಯದ ಜೀನೋಮಿಗೆ ಸೇರಿಸುವ ವೈರಸ್) ಕಡೆಯಿಂದ ಬಂದು ಐರಿಸ್ ಎಂದರು. ಈಗ ಚಾಲ್ತಿಯಲ್ಲಿರುವುದು ಐರಿಸ್. ಹಳೆಯ ಬರಹಗಳನ್ನು ಹುಡುಕುವಾಗ ಮೂರೂ ಹೆಸರುಗಳನ್ನು ಹಾಕಿ ನೋಡಬೇಕು.

ಹೊಸ ಕೀಟವೊಂದರ ಜೀನೋಮ್ ಕೈಗೆ ಬಂದಾಗ ಐರಿಸ್‌ನಂತಹ ಜೀನ್ ಇದೆಯೇ ಎಂದು ಹುಡುಕುವುದು ಹತ್ತು ನಿಮಿಷದ ಕೆಲಸ. ಸಿಕ್ಕಿದ್ದು ನಿಜವಾಗಿ ಆ ಕೀಟದ ಸ್ವಂತ ಆಸ್ತಿಯೇ ಎಂದು ತೀರ್ಮಾನಿಸಲು ವಾರಗಳೇ ಬೇಕಾಗಬಹುದು. ಈ ಬರಹದ ಹೆಚ್ಚಿನ ಭಾಗ ಆ ಎರಡನೆಯ ಕೆಲಸದ ಬಗ್ಗೆ.

ಹುಡುಕುವ ಮುನ್ನ: ಬಲೆಗೆ ಬೀಳುವವರು ಯಾರು ಯಾರು

ಎಫ್ ಪ್ರೋಟೀನಿನ ಹೋಲಿಕೆ ಹಿಡಿದು ಹುಡುಕಿದರೆ ಮೂರು ಬಗೆಯವು ಸಿಗುತ್ತವೆ.

ಮೊದಲನೆಯದು ನಿಜವಾದ ವೈರಸ್: ಮಾದರಿಗೆ ಸೋಂಕು ತಗುಲಿತ್ತು, ಅದರ ಡಿಎನ್‌ಎ ಕೀಟದ್ದರ ಜೊತೆ ಸೇರಿ ಓದಿಸಿಕೊಂಡಿತು. ಎರಡನೆಯದು ಜಿಗಿಯುವ ಜೀನು, ಅಂದರೆ ಜೀನೋಮಿನಲ್ಲಿ ಜಾಗದಿಂದ ಜಾಗಕ್ಕೆ ತನ್ನನ್ನೇ ನಕಲಿಸಿಕೊಳ್ಳುವ ಡಿಎನ್‌ಎ ತುಣುಕು. ಜಿಪ್ಸಿ, ರೂ, ಝಾಮ್ ಮುಂತಾದ ರೆಟ್ರೊ ಅಂಶಗಳಲ್ಲಿ ಕೊನೆಯ ಜೀನ್ ಎನ್ವ್ (ಹೊದಿಕೆ ಪ್ರೋಟೀನಿನ ಜೀನ್), ಮತ್ತು ಆ ಎನ್ವ್ ಬ್ಯಾಕ್ಯುಲೋವೈರಸ್ಸಿನ ಎಫ್‌ಗೆ ನೆಂಟ. ಮೂರನೆಯದು ನಾವು ಹುಡುಕುತ್ತಿರುವುದು: ಅಂಥ ಎನ್ವ್ ಒಂದನ್ನು ಕೀಟವೇ ಸಾಕಿಕೊಂಡು ತನ್ನದಾಗಿಸಿಕೊಂಡ ಜೀನ್. ಐರಿಸ್ ಈ ಗುಂಪಿನದು. ಕಂಗಾ ಎಂಬ ರೆಟ್ರೊವೈರಸ್ ವಂಶದಿಂದ ಕನಿಷ್ಠ 2.5 ಕೋಟಿ ವರ್ಷಗಳ ಹಿಂದೆಯೇ ನೊಣದ ಮನೆ ಸೇರಿದ್ದು. ಸೊಳ್ಳೆಗಳಲ್ಲಿ ಇಂಥದೇ ಕೆಲಸ ಪ್ರತ್ಯೇಕವಾಗಿ ನಡೆದಿದೆ, ಅಲ್ಲಿ ಮೂಲ ರೂ ವಂಶ.

ಈ ಮೂರರ ನಡುವಿನ ಗಡಿ ಎಷ್ಟು ತೆಳು ಎನ್ನುವುದಕ್ಕೆ ಟೆಡ್ ಸಾಕ್ಷಿ. ಟ್ರೈಕೋಪ್ಲೂಸಿಯಾ ನಿ ಪತಂಗದ ಈ ರೆಟ್ರೊ ಅಂಶ, ಆ ಪತಂಗದ ಕೋಶಗಳಲ್ಲಿ ಬೆಳೆಸುತ್ತಿದ್ದ ಬ್ಯಾಕ್ಯುಲೋವೈರಸ್ಸಿನ ಜೀನೋಮಿಗೇ ಜಿಗಿದು ಕೂತಿದ್ದು 1982ರಲ್ಲಿ ವರದಿಯಾಯಿತು. ಟೆಡ್‌ಗೂ ಎನ್ವ್ ಇದೆ. ವೈರಸ್ಸಿಗೆ ಜೀನು ಸೇರುವ ದಾರಿ ಇದೆ, ಕೀಟಕ್ಕೆ ಸೇರುವ ದಾರಿಯೂ ಇದೆ. ಅನುಕ್ರಮದ ಹೋಲಿಕೆಯೊಂದನ್ನೇ ನೋಡಿದರೆ ಯಾರು ಯಾರ ಮನೆಯವರು ಎಂದು ಗೊತ್ತಾಗುವುದಿಲ್ಲ.

ಇನ್ನೊಂದು ಗೊಂದಲವನ್ನು ಮೊದಲೇ ಬಗೆಹರಿಸಿಕೊಳ್ಳಿ. ಬ್ಯಾಕ್ಯುಲೋವೈರಸ್‌ಗಳಲ್ಲಿ ಬೆಸೆಯುವ ಪ್ರೋಟೀನ್ ಎರಡು ಬಗೆ. ಒಂದನೇ ಗುಂಪಿನ ಎನ್‌ಪಿವಿಗಳು (ನ್ಯೂಕ್ಲಿಯರ್ ಪಾಲಿಹೆಡ್ರೋಸಿಸ್ ವೈರಸ್, ಬ್ಯಾಕ್ಯುಲೋವೈರಸ್‌ಗಳ ಒಂದು ಬಗೆ) ಜಿಪಿ64 ಬಳಸುತ್ತವೆ, ಎರಡನೇ ಗುಂಪಿನವು ಎಫ್ ಬಳಸುತ್ತವೆ. ಇವೆರಡೂ ಅಣ್ಣತಮ್ಮಂದಿರಲ್ಲ. ಜಿಪಿ64ರ ರಚನೆ 2008ರಲ್ಲಿ ಹೊರಬಂದಾಗ ಅದು ಮೂರನೇ ವರ್ಗದ ಬೆಸುಗೆ ಪ್ರೋಟೀನ್ ಎಂದು ಖಚಿತವಾಯಿತು. ಎಫ್ ಒಂದನೇ ವರ್ಗದ ಗುಣ ತೋರಿಸುತ್ತದೆ. ಜಿಪಿ64 ಹಾಕಿ ಹುಡುಕಿದರೆ ಐರಿಸ್ ಸಿಗುವುದಿಲ್ಲ.

ರೇಷ್ಮೆಹುಳುವಿನ ಮೇಲೆ ಕೆಲಸ ಮಾಡುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ನಮ್ಮ ಸಾಕಣೆ ಮನೆಗಳಲ್ಲಿ ಹಾಲುತೊಂಡೆ ರೋಗ ತರುವ ಬಿಎಂಎನ್‌ಪಿವಿ ಒಂದನೇ ಗುಂಪಿನದು. ಅದರ ಬಳಿ ಜಿಪಿ64 ಇದೆ, ಜೊತೆಗೆ ಬೆಸೆಯುವ ಶಕ್ತಿ ಕಳೆದುಕೊಂಡ ಎಫ್‌ನ ಪಳೆಯುಳಿಕೆಯೂ ಇದೆ. ಹಾಗಾಗಿ ಹುಳುವಿನ ಆರ್‌ಎನ್‌ಎ ಮಾಹಿತಿಯಲ್ಲಿ ಎಫ್ ಹೋಲುವ ತುಣುಕು ಸಿಕ್ಕ ತಕ್ಷಣ ಅದೇ ಮಾದರಿಯಲ್ಲಿ ಜಿಪಿ64, ಪಾಲಿಹೆಡ್ರಿನ್ (ವೈರಸ್ಸಿನ ಹರಳು ಕಟ್ಟುವ ಪ್ರೋಟೀನ್) ಇವೆಯೇ ನೋಡಿ. ಇದ್ದರೆ ನಿಮ್ಮ ಹುಳುವಿಗೆ ರೋಗ ತಗುಲಿತ್ತು.

ಹಂತ 1: ಪ್ರಶ್ನೆಯಾಗಿ ಏನನ್ನು ಹಾಕಬೇಕು

ಒಂದೇ ಅನುಕ್ರಮ ಹಾಕಿ ಹುಡುಕಬೇಡಿ. ಕನಿಷ್ಠ ನಾಲ್ಕು ಇಟ್ಟುಕೊಳ್ಳಿ: ಎಸ್‌ಇಎಂಎನ್‌ಪಿವಿಯ ಎಸ್‌ಇ8, ಎಲ್‌ಡಿಎಂಎನ್‌ಪಿವಿಯ ಎಲ್‌ಡಿ130, ಜಿಪ್ಸಿಯ ಎನ್ವ್ ಮತ್ತು ಐರಿಸ್. ಮೊದಲಿನೆರಡು, ಎರಡನೇ ಗುಂಪಿನ ಎನ್‌ಪಿವಿಗಳ ಎಫ್ ಪ್ರೋಟೀನಿನ ಮಾದರಿಗಳು, ಸುಮಾರು 670 ಅಮೈನೊ ಆಮ್ಲ ಉದ್ದ. ಕೀಟದ ಹೋಲಿಕೆಗಳು ವೈರಸ್ಸಿನವಕ್ಕೆ ಶೇ. 20–30ರಷ್ಟು ಮಾತ್ರ ಹೊಂದುವುದು ಸಾಮಾನ್ಯ. ಈ ಮಟ್ಟದಲ್ಲಿ ಸಾಧಾರಣ ಬ್ಲಾಸ್ಟ್ (ಅನುಕ್ರಮ ಹೋಲಿಸುವ ತಂತ್ರಾಂಶ) ಅರ್ಧಕ್ಕರ್ಧ ಬಿಟ್ಟುಬಿಡುತ್ತದೆ.

ಎನ್‌ಸಿಬಿಐ ಜಾಲತಾಣದಲ್ಲಿ ಜೀವಿಯ ಜಾಗದಲ್ಲಿ ಕೀಟವರ್ಗದ ಸಂಖ್ಯೆ 50557 ಕೊಟ್ಟು ಪಿಎಸ್‌ಐ-ಬ್ಲಾಸ್ಟ್ (ಸಿಕ್ಕವನ್ನು ಸೇರಿಸಿಕೊಂಡು ಸುತ್ತುಸುತ್ತಾಗಿ ಹುಡುಕುವ ಬ್ಲಾಸ್ಟ್) ಓಡಿಸಿ. ಹೋಲಿಕೆಗೆ ಅಂಕ ಕೊಡುವ ಮಾತೃಕೆ ಬ್ಲೋಸಮ್45 ಇರಲಿ, ಮುಂದಿನ ಸುತ್ತಿಗೆ ಸೇರಿಸುವ ಮಿತಿ 0.001. ಮೂರು ಸುತ್ತು ಸಾಕು. ಪ್ರತಿ ಸುತ್ತಿನ ಬಳಿಕ ಹೊಸದಾಗಿ ಸೇರಿದವನ್ನು ಕಣ್ಣಲ್ಲಿ ನೋಡಿ, ಪೊರೆ ದಾಟುವ ಜಿಡ್ಡು ಭಾಗವೊಂದರಲ್ಲೇ ಹೊಂದಿದವನ್ನು ಕಿತ್ತುಹಾಕಿ. ಇಲ್ಲದಿದ್ದರೆ ನಾಲ್ಕನೇ ಸುತ್ತಿನ ಹೊತ್ತಿಗೆ ಪಟ್ಟಿಯ ತುಂಬ ಸಂಬಂಧವೇ ಇಲ್ಲದ ಪೊರೆ ಪ್ರೋಟೀನುಗಳು ತುಂಬಿಕೊಳ್ಳುತ್ತವೆ.

ಇದಕ್ಕಿಂತ ಚೊಕ್ಕ ದಾರಿ ಹೆಚ್‌ಎಂಎಂ ಪ್ರೊಫೈಲ್, ಅಂದರೆ ಇಡೀ ಕುಟುಂಬದ ಅನುಕ್ರಮಗಳಿಂದ ಕಟ್ಟಿದ ಸಂಖ್ಯಾಶಾಸ್ತ್ರೀಯ ಅಚ್ಚು. ಪಿಫ್ಯಾಮ್ ಎಂಬ ಪ್ರೋಟೀನ್ ಕುಟುಂಬಗಳ ದತ್ತಸಂಚಯದಲ್ಲಿ (ಈಗ ಇಂಟರ್‌ಪ್ರೊ ತಾಣದಲ್ಲಿದೆ) ಬ್ಯಾಕ್ಯುಲೋ-ಎಫ್ ಕುಟುಂಬದ ಗುರುತು ಪಿಎಫ್12259. ಅದನ್ನು ಇಳಿಸಿಕೊಂಡು ನಿಮ್ಮ ಕೀಟದ ಪ್ರೋಟೀನ್ ಪಟ್ಟಿಯ ಮೇಲೆ ಓಡಿಸಿ. ಆಮೇಲೆ ಜೀನೋಮನ್ನೇ ಆರು ಓದುವ ಚೌಕಟ್ಟುಗಳಲ್ಲಿ ಪ್ರೋಟೀನಾಗಿ ಅನುವಾದಿಸಿ ಮತ್ತೊಮ್ಮೆ ಓಡಿಸಿ. ಈ ಎರಡನೆಯ ಓಟವನ್ನು ಬಿಡಬೇಡಿ. ಜೀನ್ ಗುರುತಿಸುವ ತಂತ್ರಾಂಶಗಳು ಮೊದಲು ಪುನರಾವರ್ತನೆಗಳನ್ನು ಮುಚ್ಚುತ್ತವೆ, ಆ ಮುಚ್ಚಳದ ಕೆಳಗೆ ನಿಜವಾದ ಜೀನೂ ಹೂತುಹೋಗುವುದುಂಟು. ಐರಿಸ್‌ನಂತಹ ಜೀನಿಗೆ ಜಿಗಿಯುವ ಜೀನೇ ಮೂಲವಾದ್ದರಿಂದ ಅಪಾಯ ಇನ್ನೂ ಹೆಚ್ಚು.

ದತ್ತಸಂಚಯದಲ್ಲಿ ಯಾವುದಾದರೂ ಪ್ರೋಟೀನಿಗೆ "ಹೊದಿಕೆ ಬೆಸುಗೆ ಪ್ರೋಟೀನ್" ಎಂಬ ಹೆಸರು ಕಂಡರೆ ಹಿಗ್ಗಬೇಕಾಗಿಲ್ಲ. ಅದು ಯಂತ್ರ ಇಟ್ಟ ಹೆಸರು. ಹೋಲಿಕೆಯ ವರದಿಯೇ ಹೊರತು ಕೆಲಸದ ವರದಿಯಲ್ಲ.

ಹಂತ 2: ನೆರೆಹೊರೆ ವಿಚಾರಣೆ

ಇಡೀ ಕೆಲಸದ ಜೀವಾಳ ಇಲ್ಲಿದೆ. ಸಿಕ್ಕ ಪ್ರತಿ ಜಾಗದ ಎಡಕ್ಕೂ ಬಲಕ್ಕೂ 15 ಸಾವಿರ ಬೇಸ್ ಕತ್ತರಿಸಿ ತೆಗೆಯಿರಿ. ಆ ತುಂಡನ್ನು ಅದಕ್ಕೆ ಎದುರಾಗಿಯೇ ಇಟ್ಟು ಚುಕ್ಕಿಚಿತ್ರ (ಅಕ್ಷರಗಳು ಹೊಂದುವಲ್ಲೆಲ್ಲ ಚುಕ್ಕಿ ಇಡುವ ಚಿತ್ರ) ಬಿಡಿಸಿ.

ಜಿಪ್ಸಿ ಬಗೆಯ ಅಂಶವಾದರೆ ಚಿತ್ರ ಹೀಗಿರುತ್ತದೆ. ಎಡತುದಿಯಲ್ಲಿ ಎಲ್‌ಟಿಆರ್ (ಎರಡೂ ತುದಿಯಲ್ಲಿ ಪುನರಾವರ್ತಿಸುವ ತುಣುಕು), ನಂತರ ಗ್ಯಾಗ್ (ಕವಚದ ಜೀನ್), ನಂತರ ಉದ್ದದ ಪೋಲ್ (ಕಿಣ್ವಗಳ ಜೀನ್), ಅದಾದ ಮೇಲೆ ನಿಮಗೆ ಸಿಕ್ಕ ಎನ್ವ್, ಅದರ ಬೆನ್ನಿಗೇ ಬಲಗಡೆಯ ಎಲ್‌ಟಿಆರ್. ಜಿಪ್ಸಿಯ ಒಟ್ಟು ಉದ್ದ ಸುಮಾರು 7.5 ಸಾವಿರ ಬೇಸ್, ಪ್ರತಿ ಎಲ್‌ಟಿಆರ್ 482 ಬೇಸ್. ಚುಕ್ಕಿಚಿತ್ರದ ನಡುವಿನ ಕರ್ಣರೇಖೆಯಿಂದ ಸುಮಾರು 7 ಸಾವಿರ ಬೇಸ್ ದೂರದಲ್ಲಿ, ಮೂಲೆಯ ಕಡೆಗೆ, ಒಂದು ಪುಟ್ಟ ಓರೆಗೀರು ಕಂಡರೆ ಅದೇ ಎಲ್‌ಟಿಆರ್ ಜೋಡಿ. ಮೇಲ್ಬದಿಯಲ್ಲಿ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್, ಇಂಟಿಗ್ರೇಸ್ ಭಾಗಗಳು ಇವೆಯೇ ಎಂದು ಪಿಫ್ಯಾಮ್‌ನಲ್ಲಿ ಪರೀಕ್ಷಿಸಿ. ಇದ್ದರೆ ನಿಮ್ಮದು ಜಿಗಿಯುವ ಜೀನಿನ ಎನ್ವ್, ಅಲ್ಲಿಗೆ ಆ ಅಭ್ಯರ್ಥಿಯನ್ನು ಬದಿಗಿಡಿ.

ಎಲ್‌ಟಿಆರ್ ಹುಡುಕಲು ಎಲ್‌ಟಿಆರ್‌ಹಾರ್ವೆಸ್ಟ್ ಬಳಸುವವರು ಗಮನಿಸಿ: ಎರಡು ತುದಿಗಳ ಹೋಲಿಕೆ ಶೇ. 85ಕ್ಕಿಂತ ಕಡಿಮೆ ಇದ್ದರೆ ರೂಢಿಯ ಸೆಟ್ಟಿಂಗ್ ಅದನ್ನು ಕೈಬಿಡುತ್ತದೆ. ಹಳೆಯ, ಸವೆದ ಅಂಶಗಳು ಹಾಗೆ ನುಸುಳಿಕೊಂಡು ಒಂಟಿ ಜೀನಿನ ವೇಷ ಹಾಕುತ್ತವೆ. ಚುಕ್ಕಿಚಿತ್ರವನ್ನು ಕೈಯಾರೆ ನೋಡಲು ಹೇಳಿದ್ದು ಅದಕ್ಕೇ.

ನೆರೆಯಲ್ಲಿ ವೈರಸ್ ಜೀನುಗಳೇ ಸಾಲಾಗಿದ್ದರೆ, ಆ ತುಂಡಿನ ಓದಿನ ಆಳ (ಪ್ರತಿ ಬೇಸ್ ಎಷ್ಟು ಸಲ ಓದಿಸಿಕೊಂಡಿತು ಎಂಬ ಎಣಿಕೆ) ಕೀಟದ ಉಳಿದ ತುಂಡುಗಳಿಗಿಂತ ಹತ್ತಾರು ಪಟ್ಟು ಹೆಚ್ಚೋ ಕಡಿಮೆಯೋ ಇದ್ದರೆ, ಅದು ಮಾಲಿನ್ಯ. ವೈರಸ್ ತುಂಡಿನ ಒಂದು ಕೊನೆಯಲ್ಲಾದರೂ ಕೀಟದ ಖಚಿತ ಜೀನ್ ಇದ್ದು, ಆ ಕೂಡುಜಾಗವನ್ನು ಉದ್ದನೆಯ ರೀಡ್‌ಗಳು (ಯಂತ್ರ ಒಮ್ಮೆಗೆ ಓದಿದ ತುಣುಕುಗಳು) ದಾಟಿ ಹೋಗಿದ್ದರೆ ಮಾತ್ರ ಅದು ಜೀನೋಮಿನೊಳಗೆ ಸೇರಿಕೊಂಡಿದೆ ಎನ್ನಬಹುದು. ಕನಿಷ್ಠ ಐದು ರೀಡ್ ದಾಟಿರಲಿ. ಕೂಡುಜಾಗಕ್ಕೆ ಪ್ರೈಮರ್ ಮಾಡಿ ಪಿಸಿಆರ್ ನಡೆಸಿದರೆ ಇನ್ನೂ ನಿಶ್ಚಿಂತೆ.

ಎರಡೂ ಅಲ್ಲ ಎಂದಾದ ಮೇಲೆ ಪ್ರತಿಗಳನ್ನು ಎಣಿಸಿ. ಸಾಕಿಕೊಂಡ ಜೀನ್ ಸಾಮಾನ್ಯವಾಗಿ ಒಂದೇ ಪ್ರತಿ, ಹೆಚ್ಚೆಂದರೆ ಪಕ್ಕಪಕ್ಕದಲ್ಲಿ ಎರಡು ಮೂರು. ಶೇ. 95ಕ್ಕೂ ಹೆಚ್ಚು ಹೋಲುವ ಪ್ರತಿಗಳು ಬೇರೆ ಬೇರೆ ಕ್ರೋಮೋಸೋಮ್‌ಗಳಲ್ಲಿ ಚದುರಿದ್ದರೆ ಜಿಗಿಯುವ ಜೀನಿನ ವಾಸನೆ.

ಇಲ್ಲಿ ಅನೇಕರು ಎಡವುವ ಕಲ್ಲೊಂದಿದೆ. "ಈ ಜೀನಿಗೆ ಇಂಟ್ರಾನ್ ಇದೆ, ಸ್ಪ್ಲೈಸ್ ಆದ ಆರ್‌ಎನ್‌ಎಯೂ ಸಿಕ್ಕಿದೆ, ಹಾಗಾಗಿ ಇದು ಕೀಟದ್ದೇ" ಎಂದು ಬರೆದುಬಿಡುತ್ತಾರೆ. ಜಿಪ್ಸಿಯ ಎನ್ವ್ ಕೂಡ ಸ್ಪ್ಲೈಸ್ ಆದ (ನಡುವಿನ ಇಂಟ್ರಾನ್ ತುಣುಕನ್ನು ಕತ್ತರಿಸಿ ತೆಗೆದ) ಆರ್‌ಎನ್‌ಎಯಿಂದಲೇ ತಯಾರಾಗುತ್ತದೆ. ಇಂಟ್ರಾನ್ ಇರುವುದು ಈ ಕುಟುಂಬದ ಮಟ್ಟಿಗೆ ಏನನ್ನೂ ಸಾಬೀತು ಮಾಡುವುದಿಲ್ಲ.

ಹಂತ 3: ಬೇರೆ ಪ್ರಭೇದಗಳಲ್ಲಿ ಅದೇ ವಿಳಾಸ

ಜೀನಿನ ಎರಡೂ ಬದಿಯ ಮೂರು ಮೂರು ಜೀನುಗಳ ಹೆಸರು ಬರೆದುಕೊಳ್ಳಿ. ಹತ್ತಿರದ ಪ್ರಭೇದಗಳಲ್ಲಿ ಆ ಆರೂ ಜೀನುಗಳ ನಡುವೆ ಅದೇ ದಿಕ್ಕಿಗೆ ಮುಖ ಮಾಡಿ ನಿಮ್ಮ ಜೀನ್ ಕೂತಿದೆಯೇ? ಜಿಗಿಯುವ ಜೀನಾದರೆ ಪ್ರಭೇದದಿಂದ ಪ್ರಭೇದಕ್ಕೆ ವಿಳಾಸ ಬದಲಾಗುತ್ತದೆ. ಮನೆಯದಾದರೆ ವಿಳಾಸ ಒಂದೇ, ಓದುವ ಚೌಕಟ್ಟು ಮುರಿದಿಲ್ಲ. ಎಷ್ಟು ದೂರದ ಪ್ರಭೇದದವರೆಗೆ ಇದು ಮುಂದುವರಿಯುತ್ತದೋ ಅಷ್ಟು ಹಳೆಯದು ಆ ಸೇರ್ಪಡೆ.

ಜೀನೋಮ್ ಇನ್ನೂ ಓದಿರದ ಪ್ರಭೇದ ಬೇಕಾದರೆ ಅಕ್ಕಪಕ್ಕದ ಜೀನುಗಳ ಬದಲಾಗದ ಭಾಗಕ್ಕೆ ಪ್ರೈಮರ್ ಹಾಕಿ ನಡುವಿನದನ್ನು ಉದ್ದದ ಪಿಸಿಆರ್‌ನಲ್ಲಿ ಎತ್ತಬಹುದು. ಡ್ರೊಸೋಫಿಲಾ ಆದರೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೊಣಗಳ ಸಂಗ್ರಹ ಕೇಂದ್ರವಿದೆ. ಅಲ್ಲಿನ ಪಟ್ಟಿಯನ್ನು ಮೊದಲು ನೋಡಿ.

ಹಂತ 4: ಆಯ್ಕೆಯ ಒತ್ತಡ ಅಳೆಯುವುದು

ಉಪಯೋಗವಿಲ್ಲದ ಜೀನ್ ಸವೆಯುತ್ತದೆ. ಉಪಯೋಗವಿದ್ದರೆ ಪ್ರೋಟೀನನ್ನು ಬದಲಿಸುವ ಮತ್ತು ಬದಲಿಸದ ರೂಪಾಂತರಗಳ ಅನುಪಾತ, ಅಂದರೆ ಡಿಎನ್/ಡಿಎಸ್, ಒಂದಕ್ಕಿಂತ ಕೆಳಗಿರುತ್ತದೆ. ಐರಿಸ್ ವಿಚಿತ್ರ ಏಕೆಂದರೆ ಅಲ್ಲಿ ಕೆಲವು ಜಾಗಗಳಲ್ಲಿ ಅನುಪಾತ ಒಂದನ್ನು ದಾಟುತ್ತದೆ. ರೋಗಾಣು ಮತ್ತು ಆತಿಥೇಯರ ನಡುವಿನ ಜಗಳದಲ್ಲಿ ಸಿಕ್ಕ ಜೀನುಗಳ ಲಕ್ಷಣ ಇದು.

ಆರರಿಂದ ಹನ್ನೆರಡು ಹತ್ತಿರದ ಪ್ರಭೇದ ಆರಿಸಿ. ತೀರಾ ದೂರದವನ್ನು ಸೇರಿಸಿದರೆ ಡಿಎಸ್ ತುಂಬಿ ತುಳುಕಿ ಅನುಪಾತಕ್ಕೆ ಅರ್ಥವೇ ಇರುವುದಿಲ್ಲ. ಮೊದಲು ಪ್ರೋಟೀನುಗಳನ್ನು ಜೋಡಿಸಿ, ಆ ಜೋಡಣೆಯ ಮೇಲೆ ಡಿಎನ್‌ಎಯನ್ನು ಮೂರು ಮೂರು ಅಕ್ಷರವಾಗಿ ಕೂರಿಸಿ. ಪಿಎಎಂಎಲ್ ತಂತ್ರಾಂಶದ ಕೋಡ್‌ಎಂಎಲ್‌ನಲ್ಲಿ ಎಂ7 (ಅನುಪಾತ ಒಂದನ್ನು ದಾಟದ) ಮತ್ತು ಎಂ8 (ಕೆಲವು ಜಾಗಗಳಲ್ಲಿ ದಾಟಬಲ್ಲ) ಮಾದರಿಗಳನ್ನು ಹೋಲಿಸಿ. ಎರಡರ ಲಾಗ್ ಸಂಭಾವ್ಯತೆಯ ವ್ಯತ್ಯಾಸವನ್ನು ಎರಡರಿಂದ ಗುಣಿಸಿದಾಗ 5.99 ದಾಟಿದರೆ ಶೇ. 5ರ ಮಟ್ಟದಲ್ಲಿ ಧನಾತ್ಮಕ ಆಯ್ಕೆಯ ಸುಳಿವು ಇದೆ. ಆದರೆ ಅಲ್ಲಿಗೇ ನಿಲ್ಲದೆ ಎಂ8ನ್ನು, ಆ ಜಾಗಗಳ ಅನುಪಾತವನ್ನು ಒಂದಕ್ಕೇ ಕಟ್ಟಿಹಾಕಿದ ಎಂ8ಎ ಜೊತೆಗೂ ಹೋಲಿಸಿ. ಅನುಪಾತ ಒಂದರ ಆಸುಪಾಸಿನಲ್ಲಿರುವ ಸಡಿಲ ಜಾಗಗಳು ಎಂ7ನ್ನು ಸುಲಭವಾಗಿ ಮೋಸಗೊಳಿಸುತ್ತವೆ.

ಸುಳ್ಳು ಫಲಿತಾಂಶ ಬರುವುದು ಹೆಚ್ಚಾಗಿ ಕೆಟ್ಟ ಜೋಡಣೆಯಿಂದ. ಆಯ್ಕೆ ತೋರಿಸಿದ ಪ್ರತಿ ಜಾಗವನ್ನು ಜೋಡಣೆಯಲ್ಲಿ ಹುಡುಕಿ ನೋಡಿ. ಅಕ್ಕಪಕ್ಕ ಖಾಲಿ ಗೆರೆಗಳಿದ್ದರೆ ಆ ಜಾಗ ಬಿಟ್ಟು ಮತ್ತೆ ಓಡಿಸಿ. ಪಕ್ಕಪಕ್ಕದ ಪ್ರತಿಗಳಿರುವ ಜೀನಾದರೆ ಅವುಗಳ ನಡುವೆ ಅದಲುಬದಲು ನಡೆದಿದೆಯೇ ಎಂದು ಗಾರ್ಡ್ ತಂತ್ರಾಂಶದಲ್ಲಿ ಪರೀಕ್ಷಿಸಿದ ನಂತರವೇ ಮುಂದುವರಿಯಿರಿ.

ಹಂತ 5: ಪ್ರೋಟೀನಿನ ಮೈಕಟ್ಟು ಓದುವುದು

ವೈರಸ್ಸಿನ ಎಫ್ ಮೊದಲು ಒಂದೇ ತುಂಡಾಗಿ ತಯಾರಾಗುತ್ತದೆ, ಸುಮಾರು 80 ಕಿಲೋಡಾಲ್ಟನ್. ಆಮೇಲೆ ಫ್ಯೂರಿನ್ ಎಂಬ ಕಿಣ್ವ ಅದನ್ನು ಕತ್ತರಿಸುತ್ತದೆ. ಮುಂದಿನ ಭಾಗ ಎಫ್2, ಸುಮಾರು 20. ಪೊರೆಗೆ ಅಂಟಿಕೊಂಡ ಹಿಂಭಾಗ ಎಫ್1, ಸುಮಾರು 60. ಎಸ್‌ಇಎಂಎನ್‌ಪಿವಿಯಲ್ಲಿ ಕತ್ತರಿ ಬೀಳುವ ಜಾಗದ ಅಕ್ಷರಗಳು ಆರ್-ಎಸ್-ಕೆ-ಆರ್. ಕತ್ತರಿಸಿದ ಕೂಡಲೇ ಎಫ್1ರ ಮೂತಿಯಲ್ಲಿ ಜಿಡ್ಡಿನ ಅಮೈನೊ ಆಮ್ಲಗಳ ಸಾಲು ತೆರೆದುಕೊಳ್ಳುತ್ತದೆ. ಅದೇ ಬೆಸುಗೆ ಪೆಪ್ಟೈಡ್, ಎದುರಿನ ಪೊರೆಗೆ ಚುಚ್ಚಿಕೊಳ್ಳುವ ಮೊನೆ.

ನಿಮ್ಮ ಪ್ರೋಟೀನಿನಲ್ಲಿ ನೋಡಬೇಕಾದವು: ಆರಂಭದ ಸಿಗ್ನಲ್ ಪೆಪ್ಟೈಡ್, ಆರ್-ಎಕ್ಸ್-ಕೆ-ಆರ್ ಅಥವಾ ಆರ್-ಎಕ್ಸ್-ಆರ್-ಆರ್ ಮಾದರಿಯ (ಎಕ್ಸ್ ಎಂದರೆ ಯಾವುದೇ ಅಮೈನೊ ಆಮ್ಲ) ಕತ್ತರಿ ಜಾಗ, ಅದರ ಬೆನ್ನಿಗೆ ಜಿಡ್ಡು ಸಾಲು, ಸಿಸ್ಟೀನ್‌ಗಳ ಅಂತರ, ಬಾಲದ ಹತ್ತಿರ ಪೊರೆ ದಾಟುವ ಒಂದು ಭಾಗ. ಕತ್ತರಿ ಜಾಗ ಐರಿಸ್‌ನಲ್ಲಿ ಉಳಿದಿಲ್ಲ. ಉಳಿದ ಮೈಕಟ್ಟು ಹಾಗೇ ಇದ್ದು ಕತ್ತರಿ ಜಾಗ ಮಾತ್ರ ಮಾಯವಾಗಿದ್ದರೆ, ಪ್ರೋಟೀನ್ ಬೆಸೆಯುವ ಕೆಲಸ ಬಿಟ್ಟು ಬೇರೇನೋ ಮಾಡುತ್ತಿದೆ ಎಂದು ಅನುಮಾನಿಸಬಹುದು. ಬೆಸೆಯದ ಎಫ್ ನಿರುಪಯೋಗಿ ಎಂದು ತಿಳಿಯಬೇಡಿ. ಒಂದನೇ ಗುಂಪಿನ ಎಸಿಎಂಎನ್‌ಪಿವಿಯಲ್ಲಿರುವ ಎಫ್ ಪಳೆಯುಳಿಕೆ ಎಸಿ23 ಬೆಸೆಯುವುದಿಲ್ಲ, ಆದರೂ ಅದನ್ನು ಕಿತ್ತುಹಾಕಿದ ವೈರಸ್ ಹುಳುವನ್ನು ಕೊಲ್ಲಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ.

ಹಂತ 6: ಆರ್‌ಎನ್‌ಎ ಇದೆಯೇ

ಒಟ್ಟು ಆರ್‌ಎನ್‌ಎ 1 ಮೈಕ್ರೋಗ್ರಾಂ ತೆಗೆದುಕೊಂಡು ಡಿಎನ್‌ಏಸ್-1ರಲ್ಲಿ (ಡಿಎನ್‌ಎ ಕತ್ತರಿಸುವ ಕಿಣ್ವ) 37 ಡಿಗ್ರಿಗೆ 30 ನಿಮಿಷ ಇಡಿ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಕೊಳವೆ ಪ್ರತಿ ಮಾದರಿಗೂ ಕಡ್ಡಾಯ. ಹಾಕಿದ ಮತ್ತು ಹಾಕದ ಕೊಳವೆಗಳ ನಡುವೆ ಕ್ಯೂಪಿಸಿಆರ್‌ನಲ್ಲಿ (ಪ್ರಮಾಣ ಅಳೆಯುವ ಪಿಸಿಆರ್) ಏಳು ಸುತ್ತಿನ ಅಂತರವಾದರೂ ಬೇಕು. ಅಂದರೆ ಡಿಎನ್‌ಎ ಕಲಬೆರಕೆ ಶೇ. 1ಕ್ಕಿಂತ ಕಡಿಮೆ. ಪ್ರಮಾಣದ ಹೋಲಿಕೆಗೆ ನೊಣದಲ್ಲಿ ಆರ್‌ಪಿಎಲ್32 ಜೀನ್ ಸಾಕು. ಪ್ರೈಮರ್‌ಗಳನ್ನು ಜೀನೋಮಿನ ಮೇಲೆ ಬ್ಲಾಸ್ಟ್ ಮಾಡಿ, ಯಾವುದೇ ಎನ್ವ್ ಪ್ರತಿಗೆ ಅಂಟದಂತೆ ಖಚಿತಪಡಿಸಿಕೊಳ್ಳಿ.

ಹಂತ 7: ಬೆಸೆಯುತ್ತದೆಯೇ ಎಂದು ಕೋಶದಲ್ಲಿ ನೋಡುವುದು

ಪ್ಲಾಸ್ಮಿಡ್ ಎರಡು ಬಗೆಯಲ್ಲಿ ಕಟ್ಟಿ. ಒಂದರಲ್ಲಿ ಟ್ಯಾಗ್ (ಆಂಟಿಬಾಡಿ ಗುರುತಿಸುವ ಪುಟ್ಟ ಗುರುತು) ಬಾಲದಲ್ಲಿ, ಇನ್ನೊಂದರಲ್ಲಿ ಸಿಗ್ನಲ್ ಪೆಪ್ಟೈಡ್ ಕತ್ತರಿಸಿದ ಜಾಗದ ಹಿಂದೆಯೇ. ಬಾಲದ ಟ್ಯಾಗ್ ಕೋಶದ ಒಳಗಿರುತ್ತದೆ. ಜೀವಂತ ಕೋಶಕ್ಕೆ ಆಂಟಿಬಾಡಿ ಹಾಕಿದರೆ ಅದು ಕಾಣುವುದಿಲ್ಲ, "ಮೇಲ್ಮೈಗೆ ಬರುತ್ತಿಲ್ಲ" ಎಂಬ ತಪ್ಪು ತೀರ್ಮಾನಕ್ಕೆ ಅಷ್ಟು ಸಾಕು. ಎಸ್‌ಎಫ್9 ಎಂಬ ಪತಂಗದ ಕೋಶಗಳಿಗೆ ಓಪಿಐಇ2 ಅಥವಾ ಐಇ1 ಪ್ರಮೋಟರ್ (ಜೀನನ್ನು ಚಾಲೂ ಮಾಡುವ ಭಾಗ) ಬಳಸಿ. ನೊಣದ ಆಕ್ಟಿನ್ 5ಸಿ ಪ್ರಮೋಟರ್ ನೊಣದ್ದೇ ಆದ ಎಸ್2 ಕೋಶಗಳಲ್ಲಿ ಚೆನ್ನಾಗಿ ಓಡುತ್ತದೆ, ಎಸ್‌ಎಫ್9ರಲ್ಲಿ ಸೊರಗುತ್ತದೆ.

ಆರು ಗುಳಿಯ ತಟ್ಟೆಯಲ್ಲಿ ಗುಳಿಗೆ 10 ಲಕ್ಷ ಎಸ್‌ಎಫ್9 ಕೋಶ ಹಾಕಿ, ಅಂಟಿದ ಮೇಲೆ 1–2 ಮೈಕ್ರೋಗ್ರಾಂ ಪ್ಲಾಸ್ಮಿಡ್ ಸೇರಿಸಿ 27 ಡಿಗ್ರಿಯಲ್ಲಿ ಇಡಿ. ಜೊತೆಗೆ ಜಿಪಿ64ರ ಒಂದು ಗುಳಿ, ಎಲ್‌ಡಿ130 ಅಥವಾ ಎಸ್‌ಇ8ರ ಒಂದು, ಖಾಲಿ ಪ್ಲಾಸ್ಮಿಡ್‌ನ ಒಂದು. 48 ಗಂಟೆ ಕಳೆದ ಮೇಲೆ ದ್ರಾವಣ ತೆಗೆದು, ಎರಡು ಸಲ ತೊಳೆದು, ಪಿಹೆಚ್ 5.0ರ ಬಫರ್‌ನಲ್ಲಿ 5 ನಿಮಿಷ ಬಿಡಿ. ಮತ್ತೆ ಪಿಹೆಚ್ 6.2ರ ಮಾಮೂಲಿ ದ್ರಾವಣ ಹಾಕಿ 4 ಗಂಟೆ ಕಾದು ಸೂಕ್ಷ್ಮದರ್ಶಕದಲ್ಲಿ ನೋಡಿ. ಜಿಪಿ64ರ ಗುಳಿಯಲ್ಲಿ ಕೋಶಗಳ ನಡುವಿನ ಗೆರೆಗಳು ಅಳಿಸಿಹೋಗಿ, ದೊಡ್ಡ ಚೀಲದಲ್ಲಿ ನ್ಯೂಕ್ಲಿಯಸ್‌ಗಳು ಕಾಳುಗಳಂತೆ ಗುಂಪಾಗಿ ಕೂತಿರುತ್ತವೆ. ಐದು ಅಥವಾ ಹೆಚ್ಚು ನ್ಯೂಕ್ಲಿಯಸ್ ಇರುವ ಚೀಲವನ್ನು ಒಂದು ಎಂದು ಎಣಿಸಿ.

ಜಿಪಿ64ರಲ್ಲೇ ಏನೂ ಆಗದಿದ್ದರೆ ಮೊದಲು ಬಫರನ್ನು ಅನುಮಾನಿಸಿ. ಫಾಸ್ಫೇಟ್‌ಗೆ ಪಿಹೆಚ್ 5ರಲ್ಲಿ ಹಿಡಿತ ಇಲ್ಲ. ಗುಳಿಯಲ್ಲಿ ಉಳಿದ ಒಂದಿಷ್ಟು ಸೀರಂ ಸಾಕು, ಪಿಹೆಚ್ 6ರ ಕಡೆ ಏರಿಬಿಡುತ್ತದೆ. 10 ಮಿಲಿಮೋಲಾರ್ ಸಿಟ್ರೇಟ್ ಸೇರಿಸಿದರೆ ಸಮಸ್ಯೆ ಮುಗಿಯುತ್ತದೆ. ಖಾಲಿ ಗುಳಿಯಲ್ಲೂ ಚೀಲಗಳು ಕಂಡರೆ ಕೋಶಗಳು ತೀರಾ ಒತ್ತಾಗಿವೆ, ಅಥವಾ ತಟ್ಟೆಗೆ ಬ್ಯಾಕ್ಯುಲೋವೈರಸ್ ಸೇರಿಕೊಂಡಿದೆ.

ನಿಮ್ಮ ಪ್ರೋಟೀನ್ ಬೆಸೆಯದಿದ್ದರೆ, "ಬೆಸೆಯುವುದಿಲ್ಲ" ಎಂದು ಬರೆಯುವ ಮುನ್ನ ಅದು ತಯಾರಾಗಿದೆ, ಮೇಲ್ಮೈಗೆ ಬಂದಿದೆ ಎಂದು ತೋರಿಸಲೇಬೇಕು. ವೆಸ್ಟರ್ನ್ ಬ್ಲಾಟ್‌ಗೆ ಮಾದರಿಯನ್ನು 95 ಡಿಗ್ರಿಯಲ್ಲಿ ಕುದಿಸಬೇಡಿ, ಪೊರೆ ಪ್ರೋಟೀನುಗಳು ಗಂಟುಕಟ್ಟಿ ಜೆಲ್‌ನ ಗುಳಿಯಲ್ಲೇ ಉಳಿಯುತ್ತವೆ. 70 ಡಿಗ್ರಿಗೆ 10 ನಿಮಿಷ ಸಾಕು. ಡೈಸಲ್ಫೈಡ್ ಕೊಂಡಿ ಬಿಡಿಸುವ ಡಿಟಿಟಿ ಮರೆಯಬೇಡಿ. ಎಫ್1 ಮತ್ತು ಎಫ್2 ಕತ್ತರಿಸಿದ ಮೇಲೂ ಡೈಸಲ್ಫೈಡ್ ಕೊಂಡಿಯಲ್ಲಿ ಹಿಡಿದುಕೊಂಡಿರುತ್ತವೆ, ಡಿಟಿಟಿ ಇಲ್ಲದ ಜೆಲ್‌ನಲ್ಲಿ ಕತ್ತರಿಸಿದ್ದೂ ಇಡಿಯಾಗಿಯೇ ಕಾಣುತ್ತದೆ. ಸಕ್ಕರೆ ಸರಪಳಿ ತೆಗೆಯಲು ಪಿಎನ್‌ಜಿಎಸ್ ಎಫ್ ಹಾಕಿಯೂ ಪಟ್ಟಿ ಕೆಳಗಿಳಿಯದಿದ್ದರೆ ಪಿಎನ್‌ಜಿಎಸ್ ಎ ಪ್ರಯತ್ನಿಸಿ. ಕೀಟದ ಸಕ್ಕರೆಗಳಲ್ಲಿ ಬುಡಕ್ಕೆ ಆಲ್ಫಾ-1,3 ಫ್ಯೂಕೋಸ್ ಅಂಟಿದ್ದರೆ ಮೊದಲನೆಯ ಕಿಣ್ವಕ್ಕೆ ಹಲ್ಲು ನಾಟುವುದಿಲ್ಲ.

ಇದಕ್ಕಿಂತ ಕಠಿಣ ಪರೀಕ್ಷೆ, ಜಿಪಿ64 ಕಿತ್ತ ಎಸಿಎಂಎನ್‌ಪಿವಿಗೆ ನಿಮ್ಮ ಪ್ರೋಟೀನ್ ಕೊಟ್ಟು ವೈರಸ್ ಮತ್ತೆ ಕೋಶದಿಂದ ಕೋಶಕ್ಕೆ ಹರಡುತ್ತದೆಯೇ ನೋಡುವುದು. ಎರಡನೇ ಗುಂಪಿನ ಎಫ್‌ಗಳು ಈ ಕೆಲಸ ಮಾಡಬಲ್ಲವು ಎಂದು 2002ರಲ್ಲೇ ತೋರಿಸಲಾಗಿದೆ, ಹಾಗಾಗಿ ಧನಾತ್ಮಕ ಹೋಲಿಕೆ ಸಿದ್ಧವಾಗಿದೆ.

ಹಂತ 8: ಜೀನನ್ನು ಮೌನವಾಗಿಸಿದರೆ

ಎಸ್2 ಕೋಶಗಳಲ್ಲಿ 10 ಲಕ್ಷಕ್ಕೆ 15 ಮೈಕ್ರೋಗ್ರಾಂ ಜೋಡಿಎಳೆ ಆರ್‌ಎನ್‌ಎ, ಸೀರಂ ಇಲ್ಲದ ದ್ರಾವಣದಲ್ಲಿ 30–60 ನಿಮಿಷ, ಆಮೇಲೆ ಸೀರಂ ಇರುವ ದ್ರಾವಣ ಸೇರಿಸಿ ಮೂರು ನಾಲ್ಕು ದಿನ ಕಾಯುವುದು. ತುಂಡಿನ ಉದ್ದ 300–500 ಬೇಸ್ ಇರಲಿ. ಒಂದೇ ಜೀನಿನ ಎರಡು ಬೇರೆ ಭಾಗಗಳಿಂದ ಎರಡು ತುಂಡು ಮಾಡಿ ಎರಡರಲ್ಲೂ ಒಂದೇ ಪರಿಣಾಮ ಬರುತ್ತದೆಯೇ ನೋಡಿ. ಯಾವುದೇ ಎನ್ವ್ ಪ್ರತಿಯೊಂದಿಗೆ ಸತತ 19 ಅಕ್ಷರ ಹೊಂದುವ ಭಾಗವನ್ನು ಆರಿಸಬೇಡಿ. ಹೊಂದಿದರೆ ಜಿಗಿಯುವ ಜೀನುಗಳೂ ಜೊತೆಗೆ ಮೌನವಾಗುತ್ತವೆ, ಪರಿಣಾಮ ಯಾರದು ಎಂದು ಬಿಡಿಸಲಾಗುವುದಿಲ್ಲ.

ಸವಾಲೊಡ್ಡಲು ಯಾವ ವೈರಸ್ ಬಳಸಬೇಕು ಎನ್ನುವುದು ನಿಮ್ಮ ಊಹೆಗೆ ಬಿಟ್ಟದ್ದು. ಇಲಿಯಲ್ಲಿ ಎಫ್‌ವಿ4 ಎಂಬ ಸಾಕಿಕೊಂಡ ಎನ್ವ್, ಅದೇ ಬಗೆಯ ರೆಟ್ರೊವೈರಸ್ ಒಳಬರದಂತೆ ತಡೆಯುತ್ತದೆ. ನೊಣದಲ್ಲೂ ಹಾಗೇ ಇದ್ದರೆ ಮೊದಲು ಪರೀಕ್ಷಿಸಬೇಕಾದದ್ದು ಮೂಲ ವಂಶಕ್ಕೆ ಹತ್ತಿರದ ರೆಟ್ರೊವೈರಸ್, ಬ್ಯಾಕ್ಯುಲೋವೈರಸ್ ಅಲ್ಲ. ಇಡೀ ನೊಣದಲ್ಲಿ ಪರೀಕ್ಷಿಸುವುದಾದರೆ 1994ರ ಜಿಪ್ಸಿ ಪ್ರಯೋಗದ ಜಾಡು ಹಿಡಿಯಬಹುದು. ಸೋಂಕಿತ ನೊಣಗಳನ್ನು ಅರೆದ ಸಾರವನ್ನು ಆಹಾರದಲ್ಲಿ ಬೆರೆಸಿ ಜಿಪ್ಸಿ ಇಲ್ಲದ ತಳಿಯ ಮರಿಗಳನ್ನು ಬೆಳೆಸಿ, ಮುಂದಿನ ಪೀಳಿಗೆಯ ಜೀನೋಮಿನಲ್ಲಿ ಹೊಸದಾಗಿ ಕೂತ ಜಿಪ್ಸಿಯನ್ನು ಹುಡುಕುವುದು. ಜೀನ್ ಇರುವ ನೊಣ ಮತ್ತು ಕಿತ್ತ ನೊಣ ಎರಡನ್ನೂ ಒಂದೇ ತಳಿಯ ಹಿನ್ನೆಲೆಗೆ ತಂದಿರಬೇಕು, ಏಕೆಂದರೆ ಜಿಪ್ಸಿಯನ್ನು ಹತೋಟಿಯಲ್ಲಿಡುವ ಫ್ಲಮೆಂಕೊ ಎಂಬ ಜೀನೋಮಿನ ಜಾಗದಲ್ಲಿನ ಸಣ್ಣ ವ್ಯತ್ಯಾಸವೂ ಅದರ ಲಗಾಮು ಬಿಚ್ಚಿ ಎಣಿಕೆಯನ್ನು ಕೆಡಿಸುತ್ತದೆ.